ಮಳೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ಪೊನ್ನಂಪೇಟೆ ಕಡೆಯಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿತು. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಪಾಠ ಹೇಳುವ ತಾವು ನಮ್ಮ ಕಳೆದ ಸಂಚಿಕೆಯ ಒಂದು ಮಾತನ್ನು ಆಕ್ಷೇಪಿಸಿದ್ದೀರಿ. ಅಂಗವೈಕಲ್ಯ ಇರುವವರ ಜೊತೆ ಕೆಲಸ ಮಾಡಲಿರುವ ಕಾರ್ಯಕರ್ತರ ತರಬೇತಿಗೆ ನಮ್ಮ ಕೊಡಗು ಜಿಲ್ಲೆಯ ಪ್ರವಾಹ, ಭೂಕುಸಿತದ ಪರಿಹಾರ ಕಾರ್ಯದ ಅನುಭವವನ್ನು ಪಠ್ಯವಾಗಿ ಇಟ್ಟುಕೊಳ್ಳಬೇಕು ಎಂದು ನಾನು ಬರೆದಿದ್ದೆ. ‘ಪ್ರವಾಹ ಹದಿನೈದು ದಿನದ್ದು, ಅಂಗವೈಕಲ್ಯ ಜೀವಮಾನದ್ದು. ಓಡೋಡಿ ಬಂದು ಅಕ್ಕಿ, ಕಂಬಳಿ ಹಂಚಿ ಹೋಗುವವರಿಂದ ನಿಧಾನವಾಗಿ, ವರ್ಷಗಟ್ಟಲೆ ಜೊತೆಗಿರಬೇಕಾದವರು ಕಲಿಯುವುದೇನಿದೆ? ನನ್ನ ವಿದ್ಯಾರ್ಥಿಗಳನ್ನು ಹಂಚುವ ಕೈಗಳನ್ನಾಗಿ ಮಾಡಬೇಡಿ’ ಎಂದು ತಾವು ಕೇಳಿದ್ದೀರಿ. ವಾರಕ್ಕೆ ಎರಡೇ ದಿನ ಸಿಗುವ ಕ್ಷೇತ್ರಕಾರ್ಯದಲ್ಲಿ ಇದಕ್ಕೆಲ್ಲ ಸಮಯವೆಲ್ಲಿದೆ ಎಂಬ ಪ್ರಶ್ನೆಯನ್ನೂ ಸೇರಿಸಿದ್ದೀರಿ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಪತ್ರವಲ್ಲ ಇದು.

ಹಂಚುವ ಕೈಗಳ ಬಗ್ಗೆ ತಮಗಿರುವ ಅಸಮಾಧಾನ ನನಗೂ ಇದೆ. ಆದರೆ ಆ ವಾಕ್ಯವನ್ನು ನಾನು ಬರೆದದ್ದು ಪರಿಹಾರ ಕೇಂದ್ರವೊಂದರಲ್ಲಿ ಕಂಡ ಒಬ್ಬ ಮನುಷ್ಯನನ್ನು ನೆನೆದು. ಅದನ್ನು ಆ ಲೇಖನದಲ್ಲಿ ಹೇಳದೆ ಬಿಟ್ಟದ್ದು ನನ್ನ ತಪ್ಪು, ಈಗ ಹೇಳುತ್ತೇನೆ.

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಎರಡನೇ ಮೊಣ್ಣಂಗೇರಿ, ಜೋಡುಪಾಲ ಕಡೆಯ ಗುಡ್ಡಗಳು ಜರಿದು ಊರಿಗೆ ಊರೇ ಮನೆ ಬಿಟ್ಟು ಬಂದಾಗ, ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ಕೇಂದ್ರಗಳು ತೆರೆದವು. ವರದಿಗೆಂದು ನಾನು ಹೋದ ಒಂದು ಕೇಂದ್ರದಲ್ಲಿ ಐವತ್ತರ ಆಸುಪಾಸಿನವರೊಬ್ಬರು ಗೋಡೆಗೆ ಒರಗಿ ಕುಳಿತಿದ್ದರು. ಚಿಕ್ಕಂದಿನ ಪೋಲಿಯೊದಿಂದ ಎರಡೂ ಕಾಲುಗಳ ಬಲ ಹೋಗಿತ್ತು. ಅಕ್ಕಪಕ್ಕದವರು ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಕಟ್ಟಿ ಅವರನ್ನು ಹೊತ್ತು ತಂದಿದ್ದರು. ಮೂರು ಚಕ್ರದ ಸೈಕಲ್ಲು ಮನೆಯಂಗಳದಲ್ಲೇ ಉಳಿದಿತ್ತು. ಅವರ ಪಕ್ಕದಲ್ಲಿ ಮೂರು ಹೊಸ ಕಂಬಳಿ, ಎರಡು ಜೊತೆ ಬಟ್ಟೆ, ಬಿಸ್ಕತ್ತಿನ ಪೊಟ್ಟಣಗಳು ಇದ್ದವು. ಕೊಟ್ಟವರಲ್ಲಿ ಯಾರ ಮನಸ್ಸೂ ಕೆಟ್ಟದ್ದಾಗಿರಲಿಲ್ಲ. ಆದರೆ ಶೌಚಾಲಯ ಕಟ್ಟಡದ ಹಿಂಬದಿಯಲ್ಲಿ, ಪಾಚಿ ಹಿಡಿದ ಏಳು ಮೆಟ್ಟಿಲುಗಳ ಕೆಳಗೆ ಇತ್ತು. ಪ್ರತಿ ಸಲ ಇಬ್ಬರನ್ನು ಕರೆದು ಹೊತ್ತುಕೊಂಡು ಹೋಗಿ ಎನ್ನಲಾರದೆ ಅವರು ಎರಡು ದಿನಗಳಿಂದ ನೀರು ಕುಡಿಯುವುದನ್ನೇ ಬಹುತೇಕ ಬಿಟ್ಟಿದ್ದರು. ಇದು ಯಾರಿಗೂ ತಿಳಿದಿರಲಿಲ್ಲ. ಅರ್ಧ ಗಂಟೆ ಅವರ ಪಕ್ಕದಲ್ಲೇ ಕುಳಿತು ಮಾತಾಡಿದ ನನಗೂ ತಿಳಿಯಲಿಲ್ಲ.

ಮೂರನೆಯ ದಿನ ಬೇರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರು ಅಲ್ಲಿಗೆ ಬಂದರು. ಅವರೂ ಕಾಲಿಗೆ ಆಧಾರದ ಕ್ಯಾಲಿಪರ್ ಪಟ್ಟಿ ಕಟ್ಟಿಕೊಂಡು ನಡೆಯುವವರು. ಹೆಸರು, ಊರು ಕೇಳುವುದಕ್ಕೂ ಮೊದಲು ಅವರು ಕೇಳಿದ್ದು ಒಂದೇ: ‘ಅಣ್ಣ, ನೀರು ಕುಡಿಯುತ್ತಾ ಇದ್ದೀರಾ?’ ಮುಂದಿನ ಅರ್ಧ ಗಂಟೆಯಲ್ಲಿ ಕೇಂದ್ರದಲ್ಲೇ ಇದ್ದ ಬಡಗಿಯೊಬ್ಬರು ಮರದ ಕುರ್ಚಿಯೊಂದರ ಹಲಗೆ ಕೊರೆದು ಅಡಿಗೆ ಬಕೆಟ್ಟು ಇಡುವಂತೆ ಮಾಡಿದರು. ಮೂಲೆಗೆ ಟಾರ್ಪಾಲಿನ ಮರೆ ಬಂತು. ಆ ಪ್ರಶ್ನೆ ಆ ಕಾರ್ಯಕರ್ತರಿಗೆ ಸ್ವಂತ ಬದುಕಿನಿಂದ ಬಂದಿತ್ತು. ಬೇರೆಯವರಿಗೆ ಅದನ್ನು ಕಲಿಸಲು ಬರುತ್ತದೆಯೆ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಬರುತ್ತದೆ ಎಂದು ನಾನು ನಂಬಿದ್ದೇನೆ. ಆ ವಾಕ್ಯ ಬರೆದದ್ದು ಆ ನಂಬಿಕೆಯಿಂದ.

ಪರಿಹಾರ ಕಾರ್ಯದಿಂದ ಕಲಿಯುವುದು ಎಂದರೆ ಅದರ ಅವಸರವನ್ನು ಕಲಿಯುವುದಲ್ಲ. ಒಳ್ಳೆಯ ದಿನಗಳಲ್ಲಿ ನಾವು ಯಾರನ್ನು ಕಂಡಿಲ್ಲ, ಏನನ್ನು ಕೇಳಿಲ್ಲ ಎಂಬುದನ್ನು ಮಳೆ ಮೂರೇ ದಿನದಲ್ಲಿ ತೋರಿಸಿಕೊಟ್ಟಿತು. ಆ ಏಳು ಮೆಟ್ಟಿಲುಗಳನ್ನು ಪ್ರವಾಹ ಕಟ್ಟಲಿಲ್ಲ. ಆ ಕಟ್ಟಡದಲ್ಲಿ ಅವು ವರ್ಷಗಳಿಂದ ಇದ್ದವು. ಅಲ್ಲಿಗೆ ಬರಬೇಕಾಗಿದ್ದ ಯಾವುದೋ ಮಗು, ಯಾವುದೋ ಅಜ್ಜಿ ಅವುಗಳಿಂದಾಗಿಯೇ ಬಾರದೆ ಉಳಿದಿರಬಹುದು.

ವಿಪತ್ತು ನಿರ್ವಹಣೆಯ ಒಂದು ಪಾಠವನ್ನು ತಮ್ಮ ತರಗತಿಯಲ್ಲಿ ಹೀಗೆ ಇಡಬಹುದು. ಬಹಳ ಮಂದಿ ಒಮ್ಮೆಗೇ ಗಾಯಗೊಂಡಾಗ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ‘ಸ್ಟಾರ್ಟ್’ ಎಂಬ ಕ್ರಮವೊಂದಿದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ರೂಪುಗೊಂಡು ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಮೊದಲು ‘ನಡೆಯಬಲ್ಲವರೆಲ್ಲ ಈ ಕಡೆಗೆ ಬನ್ನಿ’ ಎಂದು ಕೂಗುತ್ತಾರೆ. ಬಂದವರಿಗೆ ಹಸಿರು ಪಟ್ಟಿ, ಅಂದರೆ ಅವರ ಚಿಕಿತ್ಸೆ ಆಮೇಲೆ. ಉಳಿದವರ ಉಸಿರು, ರಕ್ತಸಂಚಾರ ನೋಡಿ, ಸರಳವಾದ ಒಂದು ಆದೇಶ ಕೊಟ್ಟು ಅದನ್ನು ಪಾಲಿಸುತ್ತಾರೆಯೇ ಎಂದು ಪರೀಕ್ಷಿಸುತ್ತಾರೆ. ಪಾಲಿಸದಿದ್ದರೆ ಕೆಂಪು ಪಟ್ಟಿ, ಅಂದರೆ ಚಿಕಿತ್ಸೆ ಅವರಿಗೇ ಮೊದಲು. ಈಗ ಹುಟ್ಟಿನಿಂದ ಕಿವಿ ಕೇಳದ ಹೆಂಗಸೊಬ್ಬರನ್ನು ಆ ಸಾಲಿನಲ್ಲಿ ಕಲ್ಪಿಸಿಕೊಳ್ಳಿ. ಅವರಿಗೆ ಒಂದು ಗೀರೂ ಆಗಿರದೆ ಇರಬಹುದು. ಆದರೂ ಕೂಗು ಕೇಳದ್ದರಿಂದ ಅವರು ಬರುವುದಿಲ್ಲ, ಆದೇಶ ಕೇಳದ್ದರಿಂದ ಪಾಲಿಸುವುದಿಲ್ಲ. ಗಾಲಿಕುರ್ಚಿಯವರು ನಡೆಯದೆ ಇರುವುದಕ್ಕೂ ಅಂದಿನ ಗಾಯಕ್ಕೂ ಸಂಬಂಧವಿರುವುದಿಲ್ಲ. ಬೌದ್ಧಿಕ ಅಂಗವೈಕಲ್ಯವಿರುವ ಹುಡುಗ ಭಯಕ್ಕೆ ಓಡಿಹೋದರೆ, ನಡೆಯಬಲ್ಲವನು ಎಂದು ಬಿಟ್ಟುಬಿಡುವ ಸಂಭವವೂ ಇದೆ. ಎಲ್ಲರ ದೇಹ ಒಂದೇ ಬಗೆಯದು ಎಂದುಕೊಂಡು ಮಾಡಿದ ಲೆಕ್ಕ ಎಲ್ಲಿ ತಪ್ಪುತ್ತದೆ ಎನ್ನುವುದನ್ನು ಈ ಒಂದು ಉದಾಹರಣೆಯಲ್ಲಿ ವಿದ್ಯಾರ್ಥಿ ಕಣ್ಣಾರೆ ಕಾಣುತ್ತಾನೆ. ಆ ಮೇಲೆ ಅವನು ಪಿಂಚಣಿಯ ಅರ್ಜಿ ನಮೂನೆಯನ್ನು, ಬ್ಯಾಂಕಿನ ಕೌಂಟರನ್ನು, ಬಸ್ಸಿನ ಮೆಟ್ಟಿಲನ್ನು ನೋಡುವ ರೀತಿ ಬೇರೆಯಾಗುತ್ತದೆ.

ತಮ್ಮ ಪತ್ರದಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ವಿಷಯ ಕಾನೂನು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಮೊದಲು 7 ಇದ್ದ ಅಂಗವೈಕಲ್ಯದ ವರ್ಗಗಳು ಅದರಲ್ಲಿ 21 ಆದವು ಎಂಬುದನ್ನು ಎಲ್ಲರೂ ಹೇಳುತ್ತಾರೆ. 8ನೇ ಪ್ರಕರಣವನ್ನು ಓದಿದವರು ಕಡಿಮೆ. ವಿಪತ್ತಿನ ಹೊತ್ತಿನಲ್ಲಿ ಸಮಾನ ರಕ್ಷಣೆ ಅಂಗವೈಕಲ್ಯ ಇರುವವರ ಹಕ್ಕು ಎಂದು ಅದು ಹೇಳುತ್ತದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ಅಂಗವೈಕಲ್ಯ ಇರುವವರ ವಿವರಗಳ ದಾಖಲೆ ಇಟ್ಟಿರಬೇಕು, ಅಪಾಯದ ಸೂಚನೆ ಅವರಿಗೆ ತಲುಪುವಂತೆ ನೋಡಿಕೊಳ್ಳಬೇಕು, ವಿಪತ್ತಿನ ನಂತರದ ಮರುನಿರ್ಮಾಣವು ಅವರು ಬಳಸಲು ಆಗುವಂತೆ ಅಂಗವಿಕಲರ ರಾಜ್ಯ ಆಯುಕ್ತರ ಸಮಾಲೋಚನೆಯೊಂದಿಗೆ ನಡೆಯಬೇಕು ಎಂದೂ ಹೇಳುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2019ರಲ್ಲಿ ಈ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಆದರೆ ದಾಖಲೆಯನ್ನು ಕಚೇರಿಯಲ್ಲಿ ಕುಳಿತು ತುಂಬಲು ಬರುವುದಿಲ್ಲ. ಯಾರೋ ಮನೆಮನೆಗೆ ನಡೆಯಬೇಕು. ಆ ನಡೆಯುವವರೇ ತಮ್ಮ ವಿದ್ಯಾರ್ಥಿಗಳು.

ಜಪಾನಿನ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2011ರ ಮಾರ್ಚ್ ತಿಂಗಳ ಭೂಕಂಪ ಮತ್ತು ಸುನಾಮಿಯಲ್ಲಿ, ಹಾನಿಗೊಳಗಾದ ಊರುಗಳ ಅಂಗವೈಕಲ್ಯ ಇರುವವರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. 2013ರಲ್ಲಿ ಅಲ್ಲಿ ಕಾನೂನು ತಿದ್ದಿ, ತಾವಾಗಿ ತಪ್ಪಿಸಿಕೊಳ್ಳಲಾಗದವರ ಪಟ್ಟಿ ಮಾಡುವುದನ್ನು ಸ್ಥಳೀಯ ಆಡಳಿತಗಳಿಗೆ ಕಡ್ಡಾಯ ಮಾಡಿದರು. ಪಟ್ಟಿಯೊಂದೇ ಸಾಲದು ಎಂದು ಕಂಡುಕೊಂಡು, ಒಬ್ಬೊಬ್ಬರಿಗೂ ಪ್ರತ್ಯೇಕವಾದ ಸ್ಥಳಾಂತರ ಯೋಜನೆ ಮಾಡಲು ಪ್ರಯತ್ನಿಸುವುದು ಆಡಳಿತದ ಕರ್ತವ್ಯ ಎಂದು 2021ರಲ್ಲಿ ಮತ್ತೆ ತಿದ್ದಿದರು. ನನಗೆ ಮುಖ್ಯವಾಗಿ ಕಂಡದ್ದು ಆ ಯೋಜನೆಯನ್ನು ಮಾಡುವವರು ಯಾರು ಎಂಬುದು. ದಿನನಿತ್ಯದ ಆರೈಕೆ ಸೇವೆಯನ್ನು ಹೊಂದಿಸಿಕೊಡುವ ಕಾರ್ಯಕರ್ತರನ್ನೇ ಅಲ್ಲಿ ಈ ಕೆಲಸಕ್ಕೆ ತೊಡಗಿಸುತ್ತಾರೆ; ಅವರಿಗೆ ಆ ಮನೆಯ ಒಳಹೊರಗು ಮೊದಲೇ ಗೊತ್ತಿರುತ್ತದೆ. ಅವರು ಆ ವ್ಯಕ್ತಿಯನ್ನೂ ನೆರೆಹೊರೆಯವರನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತಾರೆ. ಹದಿನೈದು ದಿನದ ಕೆಲಸ, ಜೀವಮಾನದ ಕೆಲಸ ಎಂದು ತಾವು ಎರಡಾಗಿ ವಿಂಗಡಿಸಿದ್ದನ್ನು ಅಲ್ಲಿ ಒಬ್ಬರೇ ಮಾಡುತ್ತಿದ್ದಾರೆ.

ಕೊಡಗಿನಲ್ಲಿ ಅದನ್ನು ಹೇಗೆ ಕಲಿಸುವುದು? ನಮ್ಮಲ್ಲಿ ಮನೆಗಳು ಒತ್ತೊತ್ತಾಗಿ ಇಲ್ಲ. ಮುಖ್ಯರಸ್ತೆಯಿಂದ ತೋಟದೊಳಗೆ ಒಂದು ಮೈಲಿ ಇಳಿದರೆ ಒಂದು ಮನೆ. ತೋಟದ ಲೈನ್‌ಮನೆಗಳಲ್ಲಿ ಒಂದು ಗೋಡೆಗೆ ಹತ್ತು ಕುಟುಂಬ. ಕಾಡಂಚಿನ ಬುಡಕಟ್ಟು ಹಾಡಿಗಳಿಗೆ ಮಳೆಗಾಲದಲ್ಲಿ ಜೀಪೂ ಹೋಗುವುದಿಲ್ಲ. ವಿದ್ಯಾರ್ಥಿ ಮೊದಲ ಭೇಟಿಯಲ್ಲಿ ‘ಅಂಗವೈಕಲ್ಯ: ಶೇಕಡ ಇಷ್ಟು’ ಎಂದು ಬರೆದುಕೊಂಡು ಬಂದರೆ ಅವನಿಗೆ ಏನೂ ತಿಳಿದಂತಾಗಲಿಲ್ಲ. ಆ ಮನೆಯಿಂದ ವಾಹನ ನಿಲ್ಲುವ ಜಾಗದವರೆಗೆ ಅವನು ನಡೆಯಬೇಕು, ಸಾಧ್ಯವಾದರೆ ಮಳೆ ಬಂದ ಮರುದಿನವೇ. ದಾರಿಯಲ್ಲಿ ಅಡಿಕೆ ಮರದ ಪಾಲ (ಕಾಲುಸೇತುವೆ) ಇದೆಯೆ, ತೋಡು ತುಂಬಿದರೆ ಬಳಸು ದಾರಿ ಯಾವುದು, ಮನೆಯ ಹಿಂದಿನ ಗುಡ್ಡದ ಬರೆ (ಇಳಿಜಾರು) ಕಡಿದು ಎಷ್ಟು ವರ್ಷವಾಯಿತು ಎಂದು ನೋಡಿಕೊಳ್ಳಬೇಕು. ಹೊತ್ತುಕೊಂಡು ಹೋಗಬೇಕಾದರೆ ಯಾವ ಇಬ್ಬರು ಬರುತ್ತಾರೆ, ಅವರು ಹಗಲು ಹೊತ್ತಿನಲ್ಲಿ ಊರಲ್ಲಿರುತ್ತಾರೆಯೆ ಅಥವಾ ಕೆಲಸಕ್ಕೆ ಹೋಗಿರುತ್ತಾರೆಯೆ ಎಂದು ವಿಚಾರಿಸಬೇಕು. ಎಲ್ಲಕ್ಕಿಂತ ಮೊದಲು, ತನ್ನನ್ನು ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬಾರದು, ಯಾರು ಎತ್ತುವುದು ತನಗೆ ಒಪ್ಪಿಗೆ ಎಂದು ಆ ವ್ಯಕ್ತಿಯ ಬಾಯಿಂದಲೇ ಕೇಳಬೇಕು. ಹರೆಯದ ಹೆಣ್ಣುಮಗಳೊಬ್ಬಳ ವಿಷಯದಲ್ಲಿ ಈ ಕೊನೆಯ ಪ್ರಶ್ನೆ ಎಷ್ಟು ದೊಡ್ಡದು ಎಂದು ತಮಗೆ ಹೇಳಬೇಕಾಗಿಲ್ಲ.

ಬಿಟ್ಟು ಬರಬಾರದ ವಸ್ತುಗಳ ವಿಷಯವೂ ಹಾಗೆಯೇ ಮನೆಯಿಂದ ಮನೆಗೆ ಬೇರೆ. ಅಪಸ್ಮಾರದ ಮಾತ್ರೆ ಥಟ್ಟನೆ ನಿಂತರೆ ನಿಲ್ಲದ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬೆನ್ನುಹುರಿಗೆ ಪೆಟ್ಟಾದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದೆ ಬರಿಯ ನೆಲದ ಮೇಲೆ ಮಲಗಿಸಿದರೆ ಒತ್ತುಹುಣ್ಣು ಏಳುತ್ತದೆ. ಬರಲು ಒಂದು ರಾತ್ರಿ ಸಾಕು, ವಾಸಿಯಾಗಲು ತಿಂಗಳುಗಳು ಬೇಕು. ಶ್ರವಣಸಾಧನದ ಬ್ಯಾಟರಿ ನೆನೆದರೆ ಕಿವಿ ಮತ್ತೆ ಮುಚ್ಚಿದಂತೆ. ವಯನಾಡು, ನೀಲಗಿರಿ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಸಿಕಲ್ ಸೆಲ್ ರಕ್ತರೋಗವೂ ಆ 21 ವರ್ಗಗಳಲ್ಲಿ ಒಂದು. ಚಳಿ ಮತ್ತು ನೀರಿನ ಕೊರತೆಯಿಂದ ಅದರ ನೋವು ಕೆರಳುತ್ತದೆ. ಹೊರಗಿನಿಂದ ನೋಡಿದರೆ ಆರೋಗ್ಯವಾಗಿಯೇ ಕಾಣುವ ಹಾಡಿಯ ಹುಡುಗನೊಬ್ಬನನ್ನು ಒದ್ದೆ ಬಟ್ಟೆಯಲ್ಲೇ ರಾತ್ರಿಯಿಡೀ ಕೂರಿಸಿದರೆ ಏನಾಗುತ್ತದೆ ಎಂದು ಗೊತ್ತಿರುವ ಕಾರ್ಯಕರ್ತ ಒಣಬಟ್ಟೆಯ ಸರದಿಯಲ್ಲಿ ಅವನನ್ನು ಮುಂದಕ್ಕೆ ತರುತ್ತಾನೆ. ಬರಿಯ ಕಾಳಜಿಯಿಂದ ಇದು ಹೊಳೆಯುವುದಿಲ್ಲ, ತಿಳಿದಿರಬೇಕು.

ಇದನ್ನೆಲ್ಲ ಒಂದು ಹಾಳೆಯ ಎರಡು ಮಗ್ಗುಲಲ್ಲಿ, ಬೇರೆಯವರಿಗೆ ಓದಲು ಬರುವ ಅಕ್ಷರದಲ್ಲಿ ಬರೆಯಲು ಕಲಿಸಿ. ಮಳೆಗಾಲದಲ್ಲಿ ಕರೆಂಟು, ಮೊಬೈಲ್ ಸಂಪರ್ಕ ಎಷ್ಟು ದಿನ ಇರುವುದಿಲ್ಲ ಎಂದು ನಾವು ಬಲ್ಲೆವು. ಕಂಪ್ಯೂಟರಿನಲ್ಲಿ ಮಾತ್ರ ಇರುವ ಪಟ್ಟಿ ಆಗ ಇಲ್ಲದ ಪಟ್ಟಿಯೇ. ಒಂದು ಪ್ರತಿ ಆ ಮನೆಯಲ್ಲಿ, ಒಂದು ಹೊರಲು ಒಪ್ಪಿದ ನೆರೆಯವರಲ್ಲಿ, ಒಂದು ಪಂಚಾಯಿತಿಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಇರಲಿ. ಒಂಟಿಯಾಗಿರುವ ಹೆಂಗಸಿನ ಹೆಸರು, ಅವಳ ಕಾಯಿಲೆ, ಅವಳ ಮನೆಯ ದಾರಿ ಪಂಚಾಯಿತಿಯ ಫಲಕದ ಮೇಲೆ ಬರಬಾರದು ಎಂಬುದನ್ನೂ ಅದೇ ದಿನ ಹೇಳಿಕೊಡಬೇಕು. ಈ ಹಾಳೆ ಮಳೆಗಾಲಕ್ಕೆ ಮಾತ್ರ ಬೇಕಾದದ್ದಲ್ಲ. ನಡುರಾತ್ರಿ ಜ್ವರ ಬಂದರೆ, ನೋಡಿಕೊಳ್ಳುತ್ತಿದ್ದ ತಾಯಿ ತೀರಿಕೊಂಡರೆ, ಹಳೆಯ ಕಾರ್ಯಕರ್ತ ಹೋಗಿ ಹೊಸಬ ಬಂದರೆ ಮೊದಲು ತೆರೆಯುವುದು ಅದನ್ನೇ. ಕಾರ್ಯಕರ್ತರು ಬದಲಾದಾಗಲೆಲ್ಲ ಮೊದಲಿನಿಂದ ಎಲ್ಲ ಕಥೆಯನ್ನೂ ಹೇಳಿಕೊಳ್ಳಬೇಕಾದ ದಣಿವನ್ನು ಅಂಗವೈಕಲ್ಯ ಇರುವವರ ಬಾಯಿಂದ ನಾನು ಎಷ್ಟೋ ಸಲ ಕೇಳಿದ್ದೇನೆ.

ಈ ಪಾಠಕ್ಕೆ ಗುರುಗಳನ್ನು ಬೆಂಗಳೂರಿನಿಂದ ಕರೆಸಬೇಕಾಗಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಊರಿನವರು ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎನ್ನುವುದು ಇವರನ್ನೇ. ಅಂಗವೈಕಲ್ಯ ಇರುವವರನ್ನೇ ಆರಿಸಿ, ಗೌರವಧನದ ಮೇಲೆ ಇವರನ್ನು ನೇಮಿಸಲಾಗುತ್ತದೆ. ಯಾವ ಲೈನ್‌ಮನೆಯಲ್ಲಿ ಯಾರಿದ್ದಾರೆ ಎಂದು ಇವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಸ್ನಾತಕೋತ್ತರ ಪದವಿಯ ವಿದ್ಯಾರ್ಥಿ ಇವರ ಹಿಂದೆ ಚೀಲ ಹಿಡಿದು ಒಂದು ತಿಂಗಳು ನಡೆಯಲಿ. ಸುಂಟಿಕೊಪ್ಪದ ‘ಸ್ವಸ್ಥ’ ಕೇಂದ್ರದಂತಹ ಕಡೆ ವಿಶೇಷ ಶಿಕ್ಷಣ ಕೊಡುವವರಿಂದ, ಮಾತಿಲ್ಲದ ಮಗುವಿಗೆ ‘ಈಗ ಹೊರಡಬೇಕು’ ಎಂಬುದನ್ನು ಚಿತ್ರದಲ್ಲಿ ಹೇಗೆ ತೋರಿಸುವುದು ಎಂದು ಕಲಿಯಲಿ. ಭಾಷೆಯ ವಿಷಯವನ್ನೂ ಮರೆಯಬಾರದು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವರ ಮಾತು, ಈಗ ತೋಟಗಳಿಗೆ ಬಂದಿರುವ ಅಸ್ಸಾಮಿನ ಕಾರ್ಮಿಕರ ಮಾತು ಇವೆಲ್ಲ ಒಂದೇ ಹೋಬಳಿಯಲ್ಲಿ ಕೇಳಿಬರುವ ಜಿಲ್ಲೆ ಇದು. ಗಾಬರಿಯಾದಾಗ ಮನುಷ್ಯನಿಗೆ ಅರ್ಥವಾಗುವುದು ಮನೆಯ ಮಾತು ಮಾತ್ರ.

ಹೀಗೆಂದು ಪರಿಹಾರ ಕಾರ್ಯದ ಎಲ್ಲವೂ ಅನುಕರಣೀಯವೆಂದು ನಾನು ಹೇಳುತ್ತಿಲ್ಲ, ಮತ್ತು ಇಲ್ಲಿ ತಮ್ಮ ಪತ್ರದ ಕೋಪ ಪೂರ್ತಿ ನ್ಯಾಯವಾದದ್ದು. ಕೊಟ್ಟ ಕಿಟ್‌ಗಳ ಸಂಖ್ಯೆಯನ್ನೇ ಕೆಲಸದ ಅಳತೆ ಮಾಡಿಕೊಳ್ಳುವುದು, ಗಾಲಿಕುರ್ಚಿ ಕೊಡುವಾಗ ಐದು ಜನ ಅದಕ್ಕೆ ಕೈಹಚ್ಚಿ ಫೋಟೊ ತೆಗೆಸಿಕೊಳ್ಳುವುದು, ಕೇಳದೆ ಎತ್ತುವುದು, ಕೇಳದೆ ನಿರ್ಧರಿಸುವುದು ನಮ್ಮ ಜಿಲ್ಲೆಯಲ್ಲಿಯೂ ನಡೆದಿದೆ. ನಮ್ಮ ಪತ್ರಿಕೆಯೂ ಆ ದಿನಗಳಲ್ಲಿ ಅಂಥ ಎರಡು ಚಿತ್ರಗಳನ್ನು ಅಚ್ಚು ಮಾಡಿತು. ಅವುಗಳನ್ನು ಆರಿಸಿದವನು ನಾನು, ಇಂದಿಗೂ ಅದರ ಬಗ್ಗೆ ನನಗೆ ನಾಚಿಕೆಯಿದೆ. ವಿಪತ್ತಿನಲ್ಲಿ ನೊಂದವರ ಬಳಿಗೆ ಮೊದಲು ಹೋಗುವವರಿಗೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಮೂರೇ ಕೆಲಸಗಳನ್ನು ಹೇಳುತ್ತದೆ: ನೋಡು, ಆಲಿಸು, ಬೇಕಾದ ನೆರವಿಗೆ ಜೋಡಿಸು. ಕೊಡು ಎಂಬುದು ಆ ಮೂರರಲ್ಲಿ ಇಲ್ಲ. ಒಳ್ಳೆಯ ಪರಿಹಾರ ಕಾರ್ಯ ಯಾವುದು ಎಂದು ಅರಿತವರು ತಾವು ಪತ್ರದಲ್ಲಿ ಬರೆದ ಮಾತನ್ನೇ ಆಡಿದ್ದಾರೆ.

ಇನ್ನೊಂದು ಪಾಠ ಕೇಂದ್ರಗಳು ಮುಚ್ಚಿದ ಮೇಲಿನದು. ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸಂತ್ರಸ್ತರಿಗೆ ಮನೆಗಳಾದವು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಜರಿಯಿತು. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲ ಊರುಗಳೇ ಕೊಚ್ಚಿಹೋದವು. ಪ್ರತಿ ಸಲವೂ ಮೊದಲ ವಾರ ನೂರು ಜನ ಸ್ವಯಂಸೇವಕರು, ಆರನೆಯ ತಿಂಗಳಲ್ಲಿ ಒಬ್ಬರೂ ಇಲ್ಲ. ಕಣ್ಣು ಕಾಣದವರೊಬ್ಬರು ಮೂವತ್ತು ವರ್ಷಗಳಿಂದ ಹೆಜ್ಜೆ ಎಣಿಸಿ ಬಾವಿಗೆ, ಅಂಗಡಿಗೆ ಹೋಗುತ್ತಿದ್ದ ಊರು ಇಲ್ಲವಾದ ಮೇಲೆ, ಹೊಸ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ತೆರನಾಗಿರುವಾಗ, ಅವರು ತಮ್ಮ ಬಾಗಿಲನ್ನು ಗುರುತಿಸುವುದನ್ನು ಮರುಕಲಿಯಬೇಕು. ವಿಳಾಸ ಬದಲಾದ್ದರಿಂದ ಪಿಂಚಣಿ ನಿಲ್ಲದಂತೆ ಓಡಾಡಬೇಕು. ಮಣ್ಣಿನಡಿ ಹೋದ ಗುರುತಿನ ಚೀಟಿಗಳನ್ನು ಮತ್ತೆ ಮಾಡಿಸಬೇಕು. ಪರಿಹಾರದವರು ಬಿಟ್ಟುಹೋದ ಈ ಕೆಲಸವನ್ನು ಎತ್ತಿಕೊಳ್ಳಲು ಬೇಕಾದ ತಾಳ್ಮೆ ತಮ್ಮ ವಿದ್ಯಾರ್ಥಿಗಳಲ್ಲಿದೆ, ಅಂದರೆ ಕಲಿಕೆ ಎರಡೂ ಕಡೆಯಿಂದ ಆಗಬೇಕಾದದ್ದು.

ಸಮಯದ ಪ್ರಶ್ನೆಗೆ ಬರುತ್ತೇನೆ. ಪಠ್ಯಕ್ರಮಕ್ಕೆ ಹೊಸ ವಿಷಯವನ್ನೋ ಪರೀಕ್ಷೆಯನ್ನೋ ಸೇರಿಸಬೇಡಿ. ಇರುವ ಎರಡು ದಿನದ ಕ್ಷೇತ್ರಕಾರ್ಯದಲ್ಲೇ, ಒಬ್ಬ ವಿದ್ಯಾರ್ಥಿಗೆ ಒಂದು ವರ್ಷಕ್ಕೆ ಐದು ಮನೆ ಸಾಕು, ಐವತ್ತು ಬೇಡ. ಮೊದಲ ಸುತ್ತು ಮೇ ತಿಂಗಳೊಳಗೆ, ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಹಳ ಮುಂಚೆಯೇ ಮುಗಿಯಬೇಕು. ಹೊರುವವರು, ಹೊರಿಸಿಕೊಳ್ಳುವವರು ಸೇರಿ ಒಮ್ಮೆ ಆ ದಾರಿಯಲ್ಲಿ ನಿಜವಾಗಿ ಇಳಿದು ನೋಡಬೇಕು. ಮಳೆ ಕಳೆದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಅದೇ ಐದು ಮನೆಗಳಿಗೆ ಅದೇ ವಿದ್ಯಾರ್ಥಿ ಮರಳಿ ಹೋಗಿ ಹಾಳೆಯನ್ನು ತಿದ್ದಬೇಕು. ಅಧಿನಿಯಮದ 47ನೇ ಪ್ರಕರಣವು ಸಮುದಾಯ ಕಾರ್ಯಕರ್ತರ ಶಿಕ್ಷಣದಲ್ಲಿ ಅಂಗವೈಕಲ್ಯದ ವಿಷಯ ಒಂದು ಭಾಗವಾಗಿರಬೇಕು ಎನ್ನುವುದರಿಂದ, ವಿಭಾಗದ ಸಭೆಯಲ್ಲಿ ತಾವು ಇದನ್ನು ಅಧಿಕಾರದಿಂದಲೇ ಕೇಳಬಹುದು.

ಆ ಪರಿಹಾರ ಕೇಂದ್ರದಲ್ಲಿ ಗೋಡೆಗೆ ಒರಗಿ ಕುಳಿತಿದ್ದವರ ಜೊತೆ ನನಗೆ ಇಂದಿಗೂ ಸಂಪರ್ಕವಿದೆ. ತಮ್ಮ ಪತ್ರ ಬಂದ ಮೇಲೆ ಅವರಿಗೆ ಫೋನು ಮಾಡಿ ವಿದ್ಯಾರ್ಥಿಗಳ ಮುಂದೆ ಒಂದು ದಿನ ಮಾತಾಡುತ್ತೀರಾ ಎಂದು ಕೇಳಿದೆ. ಬರುತ್ತೇನೆ ಎಂದಿದ್ದಾರೆ. ತರಗತಿ ನೆಲಮಹಡಿಯಲ್ಲಿ ಇರಬೇಕು, ಶೌಚಾಲಯಕ್ಕೆ ಎಷ್ಟು ಮೆಟ್ಟಿಲು ಎಂದು ಮುಂಚಿತವಾಗಿ ತಿಳಿಸಬೇಕು ಎಂದು ಕೇಳಿಕೊಂಡಿದ್ದಾರೆ. ಎಣಿಸಿ ನನಗೆ ಬರೆಯಿರಿ, ಅವರಿಗೆ ತಿಳಿಸುತ್ತೇನೆ.

ಇತಿ,
ಸಂಪಾದಕ